ಕೂ ಹಾರಿಹೋದ ಮೇಲೆ: ಒಕ್ಕೂಟದ ಸೋಶಿಯಲ್ ಮೀಡಿಯಾ ಕಥೆ

2024ರ ಜುಲೈ 3ಕ್ಕೆ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಹಾಕಿದರು: ಕೂ ಆ್ಯಪ್ ಮುಚ್ಚುತ್ತಿದ್ದೇವೆ ಅಂತ. ಬೆಂಗಳೂರಲ್ಲೇ ಹುಟ್ಟಿದ ಆ್ಯಪ್ ಅದು. 2020ರಲ್ಲಿ ಮೊದಲು ಬಂದಿದ್ದೇ ಕನ್ನಡದಲ್ಲಿ. ಹಿಂದಿ, ತೆಲುಗು ಎಲ್ಲ ಆಮೇಲೆ. 2021ರ ಫೆಬ್ರವರಿಯಲ್ಲಿ ರೈತರ ಹೋರಾಟದ ಹೊತ್ತಿಗೆ ಟ್ವಿಟರ್‌ಗೂ ಕೇಂದ್ರ ಸರ್ಕಾರಕ್ಕೂ ಜಟಾಪಟಿಯಾದಾಗ ಮಂತ್ರಿಗಳೂ ಇಲಾಖೆಗಳೂ ಕೂಗೆ ಬಂದು ಕೂತವು. 2022ರ ನವೆಂಬರ್‌ನಲ್ಲಿ ಬ್ರೆಜಿಲ್ ಜನ ಮುಗಿಬಿದ್ದರು. ಪೋರ್ಚುಗೀಸ್‌ನಲ್ಲಿ ಆ ಹೆಸರು ಕೇಳೋಕೆ ಪೋಲಿ ಮಾತಿನ ಹಾಗಿರುತ್ತೆ, ಅರ್ಧ ಜನ ನಗೋಕೇ ಬಂದಿದ್ದರು ಅನ್ನಿ.

ಅಷ್ಟೆಲ್ಲ ಆಗಿ, ದುಡ್ಡು ಸಾಲಲಿಲ್ಲ, ಕೊಳ್ಳುವವರ ಜೊತೆ ಮಾತುಕತೆ ಕುದುರಲಿಲ್ಲ. ಬಾಗಿಲು ಹಾಕಿತು. ನಾನು ಬಿ.ಕಾಂ. ಓದಿದವನು, ಕಂಪನಿ ಮುಚ್ಚೋದು ನನಗೆ ದೊಡ್ಡ ಸುದ್ದಿ ಅಲ್ಲ. ನನ್ನ ಪ್ರಶ್ನೆ ಬೇರೆ. ನಾಲ್ಕು ವರ್ಷ ಕನ್ನಡದಲ್ಲಿ ಬರೆದು, ಫಾಲೋವರ್‌ಗಳನ್ನ ಕೂಡಿಸಿಕೊಂಡವರಿಗೆ ಆ ಬಳಗವನ್ನ ಹಾಗೇ ಎತ್ತಿಕೊಂಡು ಇನ್ನೊಂದು ಆ್ಯಪ್‌ಗೆ ಹೋಗೋ ದಾರಿ ಯಾಕೆ ಇರಲಿಲ್ಲ?

ಯಾಕಂದ್ರೆ ಮನೆ ಒಂದೇ, ಓನರ್ ಒಬ್ಬರೇ. ಟ್ವಿಟರ್, ಇನ್‌ಸ್ಟಾ ಕಟ್ಟಿರೋದೂ ಹೀಗೇ.

ಇದಕ್ಕೆ ಎದುರಾದ ಇನ್ನೊಂದು ಪದ್ಧತಿ ಇದೆ, ಫೆಡರೇಶನ್ ಅಂತ. ಕನ್ನಡದಲ್ಲಿ ಒಕ್ಕೂಟ. ನಮ್ಮ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಬೆಂಗಳೂರಿನ ಟೆಕ್ಕಿಗೆ ಹೇಳೋದಕ್ಕಿಂತ ಸುಲಭ: ಹಾಲಿನ ಡೈರಿ ನೆನಪಿಸಿಕೊಳ್ಳಿ. ಒಂದೊಂದು ಊರಿಗೂ ಅದರದ್ದೇ ಹಾಲು ಉತ್ಪಾದಕರ ಸಂಘ, ಅದಕ್ಕೆ ಸೆಕ್ರೆಟರಿ, ಲೆಕ್ಕದ ಪುಸ್ತಕ, ಎಲೆಕ್ಷನ್, ಜಗಳ. ಆದರೆ ಫ್ಯಾಟ್ ಅಳೆಯೋ ರೀತಿ ಎಲ್ಲ ಕಡೆ ಒಂದೇ, ಹಾಗಾಗಿ ಎಲ್ಲ ಊರ ಹಾಲೂ ಒಂದೇ ಟ್ಯಾಂಕರ್‌ಗೆ ಬೀಳುತ್ತೆ. ಪಕ್ಕದೂರಿನ ಸಂಘ ಮುಚ್ಚಿದರೆ ನಮ್ಮೂರಿನದು ನಿಲ್ಲಲ್ಲ.

ಮಾಸ್ಟಡಾನ್ ಇದೇ ಥರ. ಜರ್ಮನಿಯ ಯೂಜೆನ್ ರೋಚ್ಕೋ 2016ರಲ್ಲಿ ಬಿಟ್ಟಿದ್ದು. ಸಾವಿರಾರು ಸರ್ವರ್‌ಗಳು, ಒಂದೊಂದಕ್ಕೂ ಒಬ್ಬ ಅಡ್ಮಿನ್, ಅವರವರದೇ ರೂಲ್ಸು. ನಿಮ್ಮ ಐಡಿ ಇಮೇಲ್ ಥರ: ಹೆಸರು, ಆಮೇಲೆ ಸರ್ವರ್ ಹೆಸರು. ಸರ್ವರ್‌ಗಳು ಪರಸ್ಪರ ಮಾತಾಡೋ ಭಾಷೆ ಆಕ್ಟಿವಿಟಿಪಬ್, 2018ರ ಜನವರಿಯಲ್ಲಿ ಡಬ್ಲ್ಯು3ಸಿ ಒಪ್ಪಿದ ಸ್ಟ್ಯಾಂಡರ್ಡ್. ಅದಕ್ಕೂ ಮುಂಚೆ, 2008ರಲ್ಲೇ, ಇವಾನ್ ಪ್ರೊಡ್ರೊಮೌ ಐಡೆಂಟಿಕಾ ಅಂತ ಒಂದನ್ನ ಶುರು ಮಾಡಿದ್ದರು. ಆಕ್ಟಿವಿಟಿಪಬ್ ಬರೆದವರಲ್ಲಿ ಅವರೂ ಒಬ್ಬರು. ಡೈರಿ ಹೋಲಿಕೆ ಒಂದು ಕಡೆ ಮಾತ್ರ ಮುರಿಯುತ್ತೆ. ಹಾಲಿನಲ್ಲಿ ಮೇಲೆ ಬಮೂಲ್, ಅದರ ಮೇಲೆ ಕೆಎಂಎಫ್ ಇದೆ. ಇಲ್ಲಿ ಮೇಲೆ ಯಾರೂ ಇಲ್ಲ.

ಭಾರತಕ್ಕೆ ಇದರ ಪರಿಚಯ ಆಗಿದ್ದು ಒಂದು ಗಲಾಟೆಯಿಂದ. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನ ಟ್ವಿಟರ್ ತಡೆಹಿಡಿಯಿತು. ಕಾರಣ ಒಂದು ಹಳೇ ಫೋಟೋ: ಗುಂಪಿನಲ್ಲಿ ಎಲ್ಲರೂ ನಾಜಿ ಸೆಲ್ಯೂಟ್ ಹೊಡೀತಿರುವಾಗ ಕೈಕಟ್ಟಿ ನಿಂತ ಆಗಸ್ಟ್ ಲಾಂಡ್‌ಮೆಸ್ಸರ್. ನಾಜಿಗಳಿಗೆ ಕೈ ಎತ್ತದವನ ಫೋಟೋ ಹಾಕಿದ್ದಕ್ಕೇ ದ್ವೇಷದ ಚಿತ್ರ ಅಂತ ಶಿಕ್ಷೆ! ಸಿಟ್ಟಾದ ಎಷ್ಟೋ ಜನ ನವೆಂಬರ್‌ನಲ್ಲಿ ಮಾಸ್ಟಡಾನ್‌ಗೆ ಹೋದರು. ನಾನು ಆಗ ಡಿಗ್ರಿಯಲ್ಲಿದ್ದೆ. ಬಹಳ ಜನ ಉಳೀಲಿಲ್ಲ.

ಯಾಕೆ ಉಳೀಲಿಲ್ಲ? ನನ್ನ ಲೆಕ್ಕದಲ್ಲಿ ಫೀಡ್ ಕಾರಣ. ಮಾಸ್ಟಡಾನ್‌ನ ಹೋಮ್ ಫೀಡ್‌ನಲ್ಲಿ ಆಲ್ಗರಿದಮ್ ಇಲ್ಲ, ನೀವು ಫಾಲೋ ಮಾಡಿದವರು ಬರೆದದ್ದು ಟೈಮ್ ಪ್ರಕಾರ ಬರುತ್ತೆ, ಅಷ್ಟೇ. ಹೊರಗಿನ ಸರ್ವರ್‌ನ ಪೋಸ್ಟ್ ನಿಮ್ಮ ಸರ್ವರ್‌ಗೆ ಬರಬೇಕಾದರೆ, ಹೆಚ್ಚುಕಮ್ಮಿ, ನಿಮ್ಮ ಸರ್ವರ್‌ನ ಯಾರಾದರೊಬ್ಬರು ಅವರನ್ನ ಫಾಲೋ ಮಾಡಿರಬೇಕು. ಜರ್ಮನಿಯ ಸರ್ವರ್‌ನಲ್ಲಿ ಒಂಟಿ ಕನ್ನಡಿಗ ಕೂತರೆ ಕನ್ನಡ ಎಲ್ಲಿಂದ ಬರುತ್ತೆ? ಸಂತೆ ದಿನ ಬಿಟ್ಟು ಸಂತೆಮಾಳಕ್ಕೆ ಹೋದ ಹಾಗೆ. ಬ್ಲೂಸ್ಕೈ ಈ ಕಡೆ ಸ್ವಲ್ಪ ಜಾಣ: 2024ರ ಫೆಬ್ರವರಿಯಿಂದ ಯಾರು ಬೇಕಾದರೂ ಸೇರಬಹುದು, ಫೀಡ್ ಅನ್ನ ಯಾರು ಬೇಕಾದರೂ ಕಟ್ಟಬಹುದು. ಬರೀ ಕನ್ನಡ ಪೋಸ್ಟ್‌ಗಳ ಫೀಡ್ ಮಾಡ್ತೀನಿ ಅಂದ್ರೆ ಕಂಪನಿಯ ಪರ್ಮಿಷನ್ ಬೇಡ. ಆದ್ರೆ ಅಲ್ಲಿ ಬಹುಪಾಲು ಜನರ ಖಾತೆ ಈಗಲೂ ಆ ಒಂದೇ ಕಂಪನಿಯ ಸರ್ವರ್‌ಗಳಲ್ಲಿದೆ, ಅದೂ ಗೊತ್ತಿರಲಿ.

ಈಗ ಪ್ರೈವಸಿ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. 'ಡಿಸೆಂಟ್ರಲೈಸ್ಡ್' ಅಂದಕೂಡಲೇ 'ಸೇಫ್' ಅಂತ ರೀಲ್ಸ್‌ನಲ್ಲಿ ಹೇಳ್ತಾರೆ. ಅದು ತಪ್ಪು ತಿಳಿವಳಿಕೆ. ಮಾಸ್ಟಡಾನ್‌ನಲ್ಲಿ ನೀವು ಒಬ್ಬರಿಗೇ ಅಂತ ಕಳಿಸೋ ಮೆಸೇಜ್‌ಗೆ ವಾಟ್ಸ್ಆ್ಯಪ್‌ನಲ್ಲಿರೋ ಥರದ ಬೀಗ ಇಲ್ಲ. ನಿಮ್ಮ ಸರ್ವರ್‌ನ ಅಡ್ಮಿನ್, ಎದುರಿನವರ ಸರ್ವರ್‌ನ ಅಡ್ಮಿನ್, ಇಬ್ಬರೂ ಮನಸ್ಸು ಮಾಡಿದರೆ ಓದಬಹುದು. ಡೈರಿ ಸೆಕ್ರೆಟರಿಗೆ ಯಾರ ಮನೆ ಹಸು ಎಷ್ಟು ಕೊಟ್ಟಿತು ಅಂತ ಗೊತ್ತಿರೋ ಹಾಗೆ. ನೀವು ಪೋಸ್ಟ್ ಡಿಲೀಟ್ ಮಾಡಿದರೆ ಮಿಕ್ಕ ಸರ್ವರ್‌ಗಳಿಗೆ 'ಅಳಿಸಿ' ಅಂತ ಸೂಚನೆ ಹೋಗುತ್ತೆ, ಅಳಿಸದೇ ಇದ್ದರೆ ಒತ್ತಾಯ ಮಾಡೋಕೆ ಯಾರೂ ಇಲ್ಲ. ಬ್ಲೂಸ್ಕೈನಲ್ಲಿ ನೀವು ಯಾರನ್ನ ಬ್ಲಾಕ್ ಮಾಡಿದ್ದೀರಿ ಅನ್ನೋದೂ ಬಹಿರಂಗ. ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಂತ ಒಂದೇ ಮನೆಯವರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಡೇಟಾ ನೋಡಿಕೊಂಡರು ಅಂತಲ್ಲ. 2021ರಲ್ಲಿ ಫ್ರಾನ್ಸ್‌ನ ರಾಬರ್ಟ್ ಬ್ಯಾಪ್ಟಿಸ್ಟ್ ಕೂನಿಂದ ಇಮೇಲ್, ಹುಟ್ಟಿದ ದಿನಾಂಕ ಸೋರ್ತಿದೆ ಅಂದರು. ಬಳಕೆದಾರರೇ ಪ್ರೊಫೈಲ್‌ನಲ್ಲಿ ಹಾಕಿದ್ದು ಅಂತ ಕಂಪನಿ ತಳ್ಳಿಹಾಕಿತು.

ಕೊನೆಗೆ, ಸರ್ವರ್ ಮುಚ್ಚೋದು ಒಕ್ಕೂಟದಲ್ಲೂ ಇದೆ. ಮಾಸ್ಟಡಾನ್ ಡಾಟ್ ಟೆಕ್ನಾಲಜಿ ಅನ್ನೋ ಸರ್ವರ್ 2022ರಲ್ಲಿ ಮುಚ್ಚಿತು. ಮುಂಚೆಯೇ ತಿಳಿಸಿದ್ದರಿಂದ ಅಲ್ಲಿದ್ದವರು ಇನ್ನೊಂದು ಸರ್ವರ್‌ಗೆ ಖಾತೆ ಹೊರಳಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಫಾಲೋವರ್‌ಗಳು ತಾವಾಗೇ ಹಿಂದೆ ಬರ್ತಾರೆ. ಹಳೇ ಪೋಸ್ಟ್‌ಗಳು ಮಾತ್ರ ಬರಲ್ಲ. ಮಾಸ್ಟಡಾನ್‌ನ ಅಧಿಕೃತ ಪಟ್ಟಿಗೆ ಸೇರಬೇಕಾದ ಸರ್ವರ್, ಮುಚ್ಚೋ 3 ತಿಂಗಳು ಮೊದಲೇ ತಿಳಿಸ್ತೀನಿ ಅಂತ ಒಪ್ಪಿರಬೇಕು. ಸರ್ವರ್ ಆರಿಸೋವಾಗ ಅದು ಆ ಪಟ್ಟಿಯಲ್ಲಿ ಇದೆಯಾ ನೋಡಿ, ಸೆಟ್ಟಿಂಗ್ಸ್‌ನಲ್ಲಿ 'ಎಕ್ಸ್‌ಪೋರ್ಟ್' ಒತ್ತಿ ಫಾಲೋ ಪಟ್ಟಿಯನ್ನ ಫೋನಿಗೆ ಇಳಿಸಿಕೊಳ್ಳಿ. ಎರಡು ನಿಮಿಷದ ಕೆಲಸ.