ಗಾಳದ ಹುಳ ಕಟ್ಟಿದ ಹೆಣ್ಣುಮಕ್ಕಳು

ಗಾಳ ಅಂದಕೂಡ್ಲೆ ನಮ್ಮ ಕಣ್ಣಮುಂದ ಬರೂದು ಎರೆಹುಳ, ಇಲ್ಲಾಂದ್ರ ಹಿಟ್ಟಿನ ಉಂಡಿ. ಆದ್ರ ಅಮೆರಿಕದ ಹೊಳಿಗಳೊಳಗ ಬಾಸ್ ಅನ್ನೋ ಮೀನ ಹಿಡಿಯೋ ಎಷ್ಟೋ ಮಂದಿ ಗಾಳಕ್ಕ ಸುಳ್ಳು ಹುಳ ಕಟ್ತಾರ. ಕೋಳಿಗರಿ, ದಾರ, ಒಂದೀಟು ತುಪ್ಪಳ, ಇಷ್ಟರಾಗ ಹುಳ ತಯಾರು. ಇದಕ್ಕ ಫ್ಲೈ ಅಂತಾರ. ನೀರಾಗ ಮುಳುಗೂದು ವೆಟ್ ಫ್ಲೈ, ಮ್ಯಾಲ ತೇಲೂದು ಡ್ರೈ ಫ್ಲೈ. ಇದರ ಚರಿತ್ರಿಯೊಳಗ ಗಂಡಸರ ಹೆಸರ ಜಾಸ್ತಿ. ಕಟ್ಟಿದ ಕೈ ಯಾರದು ಅಂತ ನಾವರ ಕೇಳೂಣ್ರಿ ಅಕ್ಕಾರ.

ಅಮೆರಿಕದ ವರ್ಮಾಂಟ್ ರಾಜ್ಯದಾಗ ಮ್ಯಾಂಚೆಸ್ಟರ್ ಅಂತ ಊರು. ಅಲ್ಲಿ ಚಾರ್ಲ್ಸ್ ಆರ್ವಿಸ್ ಅನ್ನಾವ ಗಾಳದ ಸಾಮಾನಿನ ವ್ಯಾಪಾರಿ. 1876ರಾಗ ಹುಳ ಕಟ್ಟೋ ಕೆಲಸ ಅವನ ಮಗಳು ಮೇರಿ ಆರ್ವಿಸ್ ಮಾರ್ಬರಿ ಕೈಗೆ ಬಂತು. ಆಗ ಆಕಿಗೆ 20 ವರ್ಷ. ಊರಿನ ಹುಡುಗ್ಯಾರನ್ನ ಕೂಡಿಸಿಕೊಂಡು ಕೆಲಸ ನಡಸಿದ್ಲು.

ದೊಡ್ಡ ತೊಂದರಿ ಇದ್ದದ್ದು ಹೆಸರಿಂದು. ನಮ್ಮ ಕಸೂತಿಯೊಳಗ ಗವಂತಿ ಅಂದ್ರ ಗವಂತಿ, ಮುರ್ಗಿ ಅಂದ್ರ ಮುರ್ಗಿ. ಅಲ್ಲಿ ಹಂಗಿರಲಿಲ್ಲ. ಒಂದ ಹೆಸರಿನ ಹುಳ ಒಂದೊಂದು ಊರಾಗ ಒಂದೊಂದು ಬಣ್ಣ. ಗಿರಾಕಿ ಕೇಳೂದೊಂದು, ಅವರ ಕೈಗೆ ಹೋಗೂದು ಇನ್ನೊಂದು. ಅದಕ್ಕ ದೇಶದ ಮೀನಗಾರರಿಗೆಲ್ಲ ಕಾಗದ ಬರದು ಕೇಳಿದ್ರು. 200ಕ್ಕೂ ಹೆಚ್ಚು ಮಂದಿ ಉತ್ತರ ಕೊಟ್ರು. ಮೇರಿ ಅದನ್ನೆಲ್ಲ ಹಸನ ಮಾಡಿ, ಪ್ರತಿ ಹುಳದ ಕತಿ ಬರದು, ಬಣ್ಣದ ಚಿತ್ರ ಹಾಕಿಸಿ, 1892ರಾಗ ದೊಡ್ಡ ಪುಸ್ತಕ ತಂದ್ಲು. ಬಾಸ್ ಮೀನಿನ ಹುಳಕ್ಕ ಅದರಾಗ ಬ್ಯಾರೆ ಭಾಗನ ಐತಿ. ಆಮ್ಯಾಲ ಆ ಹೆಸರಿನ ಹುಳ ಹೆಂಗಿರಬೇಕು ಅನ್ನೂದಕ್ಕ ಆ ಪುಸ್ತಕನ ಅಳತಿ ಆತು.

ಅವು ಹೆಚ್ಚಾಗಿ ಮುಳುಗೋ ಹುಳ. ತೇಲೂ ಹುಳದ ವಿದ್ಯಾ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯ ಹಾಲ್ಫೋರ್ಡ್ 1886ರಾಗ ಅದರ ಬಗ್ಗೆ ಪುಸ್ತಕ ಬರದ. 1890ರಾಗ ನ್ಯೂಯಾರ್ಕ್ ಕಡೆಯ ಥಿಯೋಡೋರ್ ಗೋರ್ಡನ್‌ಗೆ ನಮೂನಿ ಕಳಿಸಿದ. ಗೋರ್ಡನ್ ಅದನ್ನ ಕ್ಯಾಟ್ಸ್‌ಕಿಲ್ ಗುಡ್ಡದ ಹೊಳಿಗೆ ತಕ್ಕಂಗ ತಿದ್ದಿಕೊಂಡ.

ಅದ ಗುಡ್ಡದ ರಾಸ್ಕೋ ಊರಾಗ ವಾಲ್ಟ್ ಡೆಟ್ ಮತ್ತ ವಿನ್ನಿ ಅಂತ ಗಂಡ ಹೆಂಡ್ತಿ ಇದ್ರು. ರೂಬ್ ಕ್ರಾಸ್ ಅನ್ನೋ ಹೆಸರಾಂತ ಕಸುಬಿನವ ಕಲಿಸೂದಿಲ್ಲ ಅಂದ. ಅವನ ಕೈಯಿನ ಹುಳ ತಂದು, ಒಂದೊಂದ ಸುತ್ತು ಬಿಚ್ಚಿ ನೋಡಿ ಕಲ್ತ್ರು. ಹಳೇ ಸ್ವೆಟರ್ ಬಿಚ್ಚಿ ಕಣ್ಣು ಎಣಿಸಿದಂಗ! ಮುಂದ ಅವರ ಮಗಳೂ ಅದ ಕೆಲಸ ಹಿಡದ್ಲು.

ಕಟ್ಟೂದು ಹೆಂಗ ಅಂದ್ರ, ಮೊದಲ ಗಾಳದ ಮ್ಯಾಲ ದಾರ ಸುತ್ತಬೇಕು. ಹಿಂದ ಬಾಲಕ್ಕ ಸ್ವಲ್ಪ ಗರಿ, ನಡುವ ತುಪ್ಪಳದ ಹೊಟ್ಟಿ. ಕಡೀಕ ಹುಂಜದ ಕುತ್ತಿಗಿ ಗರಿನ ಎದಿಗೆ ಬಿಗಿಯಾಗಿ ಸುತ್ತಿದ್ರ, ಎಳಿ ಸುತ್ತಲೂ ಕಾಲಿನಂಗ ನಿಂತ್ಕೋತಾವ. ಆ ಕಾಲಿನ ಮ್ಯಾಲ ಹುಳ ನೀರಿಗೆ ಹಗೂರಾಗಿ ಕೂಡತೈತಿ. ಗರಿ ಮೆತ್ತಗಿದ್ರ ಮುಳಗಿಬಿಡತೈತಿ. ಸಂಜಿಮುಂದ ಹೊಳಿಯೊಳಗ ಹುಳ ಎದ್ದಾಗ ಬಾಸ್ ಮ್ಯಾಲ ಬಂದು ಗಬಕ್ಕನ ಹಿಡೀತೈತಿ.

ಬಟಾಣಿ ಕಾಳಿನಷ್ಟು ಹುಳ. ಅದರ ಮ್ಯಾಲ ಕಟ್ಟಿದಾಕಿ ಹೆಸರ ಬರಿಯಾಕ ಜಾಗಾ ಎಲ್ಲೈತ್ರಿ? ಹಿಡದಾವ ಮೀನ ಎತ್ತಿ ತೋರಸ್ತಾನ. ಮೇರಿ ಪುಸ್ತಕ ಬರದಿದ್ದಕ್ಕ ಆಕಿ ಹೆಸರರ ಉಳೀತು. ಅದಕ್ಕ ಹೇಳ್ತೀನಿ, ನಿಮ್ಮ ಕೈಯಾಗಿನ ಕೆಲಸ ಒಂದು ವಹಿಯೊಳಗ ಬರದಿಡ್ರಿ.