ನಿಂತ ಚಿತ್ರದಿಂದ ನಡೆವ ಚಿತ್ರಕ್ಕೆ

ತಮ್ಮ ಮನೆಯ ಮದುವೆಯ ಹಳೆಯ ವಿಡಿಯೋ ಕ್ಯಾಸೆಟ್ಟು ಉಳಿದಿದ್ದರೆ ಒಮ್ಮೆ ಹಾಕಿಸಿ ನೋಡಿರಿ. ಕ್ಯಾಮೆರಾ ಇತ್ತ ಹೊರಳಿದೊಡನೆ ಬೀಗರೂ ನೆಂಟರೂ ಉಸಿರು ಬಿಗಿಹಿಡಿದು ಗೊಂಬೆಗಳಂತೆ ನಿಂತುಬಿಡುತ್ತಾರೆ. ನಗು ಬರುವುದು ಸಹಜ. ಆದರೆ ತಪ್ಪು ಅವರದಲ್ಲ. 'ಅಲ್ಲಾಡಬೇಡಿ' ಎಂಬ ಛಾಯಾಗ್ರಾಹಕನ ಅಪ್ಪಣೆ ನಮ್ಮ ಸೀಮೆಗೆ ಬಹು ಹಳೆಯದು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಗುಡಿಗೋಪುರಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ಹಂಪೆ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಕಾಗದದಲ್ಲಿ ಚಿತ್ರ ಮೂಡಲು ಬಹಳ ಹೊತ್ತು ಬೇಕು. ಕದಲದ ಕಲ್ಲು ಚಿತ್ರವಾಯಿತು. ಮುಂದೆ ಹಾದುಹೋದವನು ಗುರುತಿಲ್ಲದೆ ಹೋದನು.

ನಡೆವ ಚಿತ್ರವನ್ನು ತೆಗೆಯುವ ವಿದ್ಯೆಯನ್ನು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿಯೇ ಕಲಿಸುತ್ತಿದ್ದರು. ಮೈಸೂರಿನ ವಿ. ಕೆ. ಮೂರ್ತಿಯವರು 1946ರಲ್ಲಿ ಅಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋಗಿ, 1959ರಲ್ಲಿ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಬೆಳಕು ಕೂಡಿಸಿದರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು; ಛಾಯಾಗ್ರಾಹಕರಲ್ಲಿ ಅವರೇ ಮೊದಲಿಗರು. ಆದರೆ ಅಂಗಡಿಗೆ ಬೀಗ ಹಾಕಿ ಬೆಂಗಳೂರಿಗೆ ಹೋಗಿ ಕಲಿಯುವುದು ಸಿರುಗುಪ್ಪದ ಸ್ಟುಡಿಯೋದವನಿಗೆ ಆಗುವ ಮಾತೇ? ಜಪಾನಿನಲ್ಲಿ 1976ರಲ್ಲಿ ಹೊರಬಂದ ವಿ.ಎಚ್.ಎಸ್. ಕ್ಯಾಸೆಟ್ಟು ನಮ್ಮ ಲಗ್ನಗಳಿಗೆ ಕಾಲಿಟ್ಟಾಗ, ಅವನು ಆ ವಿದ್ಯೆಯನ್ನು ಕಲಿತದ್ದು ಪರರ ಚಪ್ಪರದಲ್ಲಿ, ಪರರ ಮದುವೆಯಲ್ಲಿ.

ಕಲಿಯುವುದಕ್ಕಿಂತ ಮರೆಯುವುದೇ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ. ಫೋಟೋದವನು ತಾಳಿಯ ಗಂಟು ಬೀಳುವ ಒಂದೇ ಕ್ಷಣಕ್ಕೆ ಕಾಯುವವನು. ವಿಡಿಯೋದವನಾದರೋ ಪುರೋಹಿತರು ತಾಳಿಯನ್ನು ಎತ್ತಿಕೊಳ್ಳುವ ಮೊದಲೇ ತೊಡಗಿ, ಗಂಟು ಬಿದ್ದ ಮೇಲೂ ಕೈ ನಡುಗದಂತೆ ಹಿಡಿದಿರಬೇಕು. ಸೆಕೆಂಡಿಗೆ 25 ಚಿತ್ರಗಳು ತಾವಾಗಿಯೇ ಬೀಳುತ್ತವೆ. ಕೈ ನಡುಗಿದರೆ ಆ ನಡುಕವೂ ಅದರಲ್ಲಿ ಬೀಳುತ್ತದೆ. ನಿಂತ ಆಳಿನ ಪೂರ್ಣಾಕೃತಿ ಬೇಕಾದರೆ ಫೋಟೋ ಕ್ಯಾಮೆರಾವನ್ನು ಅಡ್ಡ ತಿರುಗಿಸಬಹುದು. ವಿಡಿಯೋದಲ್ಲಿ ಹಾಗೆ ಮಾಡಿದರೆ ಟಿ.ವಿ.ಯಲ್ಲಿ ಆ ಆಳು ಮಲಗಿಬಿಡುತ್ತಾನೆ.

1991ರಲ್ಲಿ ನಮ್ಮ ಅಕ್ಕನ ಲಗ್ನದಲ್ಲಿ ಆದದ್ದು ಇದೇ. ಹೊಸದಾಗಿ ವಿಡಿಯೋ ಹಿಡಿದಿದ್ದ ಆ ಹುಡುಗ, ಪಂಕ್ತಿಯ ನಡುವೆ ನಿಂತಿದ್ದ ನಮ್ಮ ಅಪ್ಪನನ್ನು ಹಳೆಯ ಅಭ್ಯಾಸಬಲದಿಂದ ಅಡ್ಡವಾಗಿ ತೆಗೆದುಬಿಟ್ಟ. ಅಂದು ಮನೆಯವರೆಲ್ಲ ಅವನನ್ನು ಬೈದರು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವರ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿವೆ. ದನಿ ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಈಗಲೂ ಎಲ್ಲರೂ ತಲೆ ಓರೆ ಮಾಡಿಕೊಂಡು ನೋಡುತ್ತೇವೆ. ಅಡ್ಡ ಮಲಗಿದ ಅಪ್ಪ ಎಲೆಯ ಮುಂದೆ ಕುಳಿತ ಯಾರನ್ನೋ ಕೇಳುತ್ತಾರೆ: "ಇನ್ನಟು ಅನ್ನ ಹಾಕ್ಲೇನ್ರಿ?"