ರಾಕ್ ಕ್ಲೈಂಬಿಂಗ್: ಹಿಗ್ಗುವ ಹಗ್ಗವೇ ಜೀವರಕ್ಷಕ

ಬಂಡೆ ಏರುವವರ ಹಗ್ಗ ಗಟ್ಟಿಯಾಗಿದ್ದರಷ್ಟೇ ಸಾಲದು, ಹಿಗ್ಗಲೂ ಬೇಕು. ನೈಲಾನ್‌ನ ಡೈನಮಿಕ್ ಹಗ್ಗ ಹಿಗ್ಗುತ್ತಾ ಬೀಳುವವರ ವೇಗ ತಗ್ಗಿಸುತ್ತದೆ. ದೇಹಕ್ಕೆ ತಗಲುವ ಹೊಡೆತ ಕಡಿಮೆಯಾಗುತ್ತದೆ. ಒಂಟಿ ಹಗ್ಗಕ್ಕೆ 80 ಕೆ.ಜಿ. ತೂಕ ಕಟ್ಟಿ ಬೀಳಿಸಿದಾಗ ಮೊದಲ ಎಳೆತ 12 ಕಿಲೋನ್ಯೂಟನ್ ಮೀರಬಾರದು ಎನ್ನುತ್ತದೆ ಅಂತಾರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ (ಯುಐಎಎ) ಮಾನದಂಡ. ಅದು ಸುಮಾರು 1,200 ಕೆ.ಜಿ. ಭಾರಕ್ಕೆ ಸಮ.

ಎಷ್ಟು ಎತ್ತರದಿಂದ ಬಿದ್ದರು ಎಂಬುದಕ್ಕಿಂತ, ತಡೆಯಲು ಎಷ್ಟು ಉದ್ದದ ಹಗ್ಗವಿತ್ತು ಎಂಬುದು ಮುಖ್ಯ. ಇವೆರಡರ ಅನುಪಾತವೇ ಫಾಲ್ ಫ್ಯಾಕ್ಟರ್. 20 ಮೀಟರ್ ಹಗ್ಗವಿದ್ದು 4 ಮೀಟರ್ ಬಿದ್ದರೆ ಅದು 0.2, ಹಗ್ಗ 2 ಮೀಟರ್ ಮಾತ್ರ ಇದ್ದರೆ 2. ಬಂಡೆಯ ನಡುವಿನ ಆಂಕರ್‌ನಿಂದ ಹೊರಟ ಮೊದಲ ಕೆಲವು ಮೀಟರ್‌ಗಳಲ್ಲಿ ಬೀಳುವುದು ಇದಕ್ಕೇ ಅಪಾಯಕಾರಿ. ಅಷ್ಟಾಗಿ ಹಿಗ್ಗದ ಸ್ಟ್ಯಾಟಿಕ್ ಹಗ್ಗ ಕೆಳಗಿಳಿಯಲು ಸರಿ, ಅದನ್ನೇ ಕಟ್ಟಿಕೊಂಡು ಮುಂದಾಳಾಗಿ ಏರುವಂತಿಲ್ಲ.